ಹೊಳೆ ದಾಟಿಸಿದ ಅಂಬಿಗನನ್ನು ನೆನೆಯೋಣ

(ಆಗಸ್ಟ್ 15: ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಮಹೋತ್ಸವ ಹಾಗೂ ಸ್ವಾತಂತ್ರ್ಯ ದಿನದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಭಾರತದ ಕಥೋಲಿಕರಾದ ನಮಗೆ ಇಂದು ಎರಡು ಹಬ್ಬ. ಮಾತೆ ಮರಿಯಮ್ಮನವರು ಆತ್ಮಶರೀರಗಳೊಡನೆ ಸ್ವರ್ಗಕ್ಕೆ ಸ್ವೀಕೃತರಾದರೆಂದು ಧರ್ಮಸಭೆ ಸಂತೋಷಪಡುವ ದಿನವೇ ನಮ್ಮ ದೇಶ ಸ್ವತಂತ್ರವಾದ ದಿನವೂ ಆಗಿದೆ. ಬಲಿಪೂಜೆ ಮುಗಿದ ಮೇಲೆ ನಾವೆಲ್ಲ ಅಂಗಳದಲ್ಲಿ ಧ್ವಜಾರೋಹಣಕ್ಕೆ ಸೇರುತ್ತೇವೆ. ಪೀಠದ ಬಳಿ ಹೇಳುವ ಕೃತಜ್ಞತೆ ಬೇರೆ, ಧ್ವಜಸ್ತಂಭದ ಬಳಿ ಹೇಳುವ ಕೃತಜ್ಞತೆ ಬೇರೆ ಎಂದು ಯಾರೂ ಎಣಿಸಬೇಡಿ. ಎರಡೂ ಒಂದೇ ಹೃದಯದಿಂದ ಬರಬೇಕು.

ಇಂದಿನ ಶುಭಸಂದೇಶದಲ್ಲಿ ಮರಿಯಮ್ಮನವರು ಬೆಟ್ಟದ ಸೀಮೆಗೆ ನಡೆದು ಎಲಿಜಬೇತಮ್ಮನವರ ಮನೆಗೆ ಬರುತ್ತಾರೆ. ಎಲಿಜಬೇತಮ್ಮ ಅವರನ್ನು ಬಾಯಿತುಂಬ ಹೊಗಳುತ್ತಾರೆ. ಆ ಹೊಗಳಿಕೆಯನ್ನು ಮರಿಯಮ್ಮನವರು ತಮ್ಮ ಸೆರಗಿನಲ್ಲಿ ಕಟ್ಟಿಕೊಳ್ಳುವುದಿಲ್ಲ. ಕೊಟ್ಟ ದೇವರ ಕಡೆಗೇ ತಿರುಗಿಸುತ್ತಾರೆ. ದೇವರು ಗರ್ವಿಷ್ಠರನ್ನು ಪೀಠದಿಂದ ಇಳಿಸುತ್ತಾರೆ, ದೀನರನ್ನು ಎತ್ತುತ್ತಾರೆ, ಹಸಿದವರಿಗೆ ಉಣಬಡಿಸುತ್ತಾರೆ ಎಂದು ಹಾಡುತ್ತಾರೆ. ಅಧಿಕಾರದ ಬಗ್ಗೆ ಇಷ್ಟು ನೇರವಾಗಿ ಮಾತನಾಡುವ ಸ್ತುತಿಗೀತೆಯನ್ನು ಧರ್ಮಸಭೆ ಪ್ರತಿ ಸಂಜೆಯ ಪ್ರಾರ್ಥನೆಯಲ್ಲಿ ಇಟ್ಟುಕೊಂಡಿದೆ. ಪೀಠಗಳು ಯಾರ ಸ್ವಂತದ್ದೂ ಅಲ್ಲ. ಏರಿದವರು ಒಂದು ದಿನ ಇಳಿಯಲೇಬೇಕು.

ಇಳಿಯುವ ಹೊತ್ತಿನಲ್ಲಿರುವ ನಾಯಕನಿಗೆ ನಾವು ಸಲ್ಲಿಸಬೇಕಾದದ್ದೇನು? ನಮ್ಮ ಹಿರಿಯರ ಗಾದೆಯೊಂದಿದೆ: ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು. ಮನುಷ್ಯನ ಕೃತಘ್ನತೆಯನ್ನು ಕಂಡು ನೊಂದವರ ಮಾತು ಅದು. ಅವಧಿ ಮುಗಿಯುತ್ತ ಬಂತೆಂದರೆ ಸಾಕು, ಹೂಮಾಲೆ ಹಿಡಿದ ಕೈಗಳು ಮುಂದೆ ಬರುವವರ ಬಾಗಿಲ ಕಡೆ ತಿರುಗುತ್ತವೆ. ಹತ್ತು ಮಂದಿ ಕುಷ್ಠರೋಗಿಗಳು ಗುಣಹೊಂದಿದಾಗ ಯೇಸುಸ್ವಾಮಿಯ ಬಳಿಗೆ ತಿರುಗಿ ಬಂದವನು ಒಬ್ಬನೇ. ಅವನೂ ಪರಕೀಯನೆನಿಸಿದ ಸಮಾರಿಯದವನು.

ಈ ದಿನ ನಾನು ಅಂಬಿಗನೊಬ್ಬನ ಮಗನನ್ನು ನೆನಪಿಸಲು ಬಯಸುತ್ತೇನೆ. ಡಾ. ಎ.ಪಿ.ಜೆ. ಅಬ್ದುಲ್ ಕಲಾಂ 1931ರ ಅಕ್ಟೋಬರ್ 15ರಂದು ರಾಮೇಶ್ವರದಲ್ಲಿ ಹುಟ್ಟಿದರು. ಅವರ ತಂದೆ ಜೈನುಲಾಬ್ದೀನ್ ಮಸೀದಿಯಲ್ಲಿ ಪ್ರಾರ್ಥನೆ ನಡೆಸುತ್ತಿದ್ದವರು. ದೋಣಿಯಲ್ಲಿ ಹಿಂದೂ ಯಾತ್ರಿಕರನ್ನು ರಾಮೇಶ್ವರದಿಂದ ಧನುಷ್ಕೋಟಿಗೆ ದಾಟಿಸುತ್ತಿದ್ದವರು. ಬಾಲಕ ಕಲಾಂ ಊರಿನಲ್ಲಿ ಪತ್ರಿಕೆ ಹಂಚಿ ನಾಲ್ಕು ಕಾಸು ಸಂಪಾದಿಸಿದರು. ಮದ್ರಾಸಿನ ತಾಂತ್ರಿಕ ಸಂಸ್ಥೆಯಲ್ಲಿ ಓದಲು ಹಣವಿಲ್ಲದಾಗ ಅಕ್ಕ ಜೊಹರಾ ತಮ್ಮ ಚಿನ್ನದ ಬಳೆ, ಸರಗಳನ್ನು ಒತ್ತೆಯಿಟ್ಟರು. ಆ ತಮ್ಮ 2002ರ ಜುಲೈ 25ರಂದು ಭಾರತದ ರಾಷ್ಟ್ರಪತಿಯಾದರು. ದೀನರನ್ನು ದೇವರು ಎತ್ತುತ್ತಾರೆ ಎಂದು ಮರಿಯಮ್ಮನವರು ಹಾಡಿದ್ದು ಬರೀ ಹಾಡಲ್ಲ ಎನ್ನುವುದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ ಇದು.

ನಮ್ಮ ಧರ್ಮಸಭೆಗೂ ಅವರಿಗೂ ಹಳೆಯ ನಂಟು. ತಿರುಚಿರಾಪಳ್ಳಿಯ ಯೇಸುಸಭೆಯ ಸಂತ ಜೋಸೆಫರ ಕಾಲೇಜಿನಲ್ಲಿ ಓದಿ 1954ರಲ್ಲಿ ಅವರು ಪದವಿ ಪಡೆದರು. ಅದಕ್ಕಿಂತ ದೊಡ್ಡ ನಂಟು ಕೇರಳದ ಕಡಲತೀರದ ತುಂಬಾ ಎಂಬ ಬೆಸ್ತರ ಹಳ್ಳಿಯದು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಆ ಹಳ್ಳಿಯ ಹತ್ತಿರ ಹಾದುಹೋಗುವುದರಿಂದ, ರಾಕೆಟ್ ಹಾರಿಸಿ ವಾತಾವರಣವನ್ನು ಅಭ್ಯಸಿಸಲು ಆ ಜಾಗವೇ ಬೇಕೆಂದು ವಿಕ್ರಂ ಸಾರಾಭಾಯಿ ಹುಡುಕಿಕೊಂಡು ಬಂದರು. ಆದರೆ ಅಲ್ಲಿ ಸಂತ ಮಗ್ದಲದ ಮರಿಯಳ ದೇವಾಲಯವಿತ್ತು, ಬಿಷಪರ ನಿವಾಸವಿತ್ತು, ಬೆಸ್ತರ ಮನೆಗಳಿದ್ದವು. ಧರ್ಮಾಧ್ಯಕ್ಷ ಪೀಟರ್ ಬರ್ನಾರ್ಡ್ ಪೆರೇರಾ ಕೂಡಲೇ ಉತ್ತರ ಕೊಡದೆ ಭಾನುವಾರ ಪೂಜೆಗೆ ಬನ್ನಿ ಎಂದರಂತೆ. ಆ ಭಾನುವಾರ ಜನರ ಮುಂದೆ ವಿಷಯವಿಟ್ಟರು. ವಿಜ್ಞಾನಿಯೂ ಗುರುವೂ ಮನುಷ್ಯನ ಒಳಿತನ್ನೇ ಬಯಸುತ್ತಾರೆ, ದೇವರ ಈ ಮನೆಯನ್ನು ವಿಜ್ಞಾನಕ್ಕೆ ಕೊಡೋಣವೇ ಎಂದು ಕೇಳಿದರು. ಕ್ಷಣಕಾಲದ ಮೌನದ ನಂತರ ಇಡೀ ದೇವಾಲಯ ಆಮೆನ್ ಎಂದಿತು. ಈ ಪ್ರಸಂಗವನ್ನು ಕಲಾಂ ಹೋದಲ್ಲೆಲ್ಲ ಹೇಳುತ್ತಿದ್ದರು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಆ ದೇವಾಲಯದ ಕಟ್ಟಡ ಈಗ ಬಾಹ್ಯಾಕಾಶ ವಸ್ತುಸಂಗ್ರಹಾಲಯವಾಗಿದೆ.

ಗಮನಿಸಿ. ಆ ಬೆಸ್ತರು ಮನೆಮಠ ಬಿಟ್ಟು ಬೇರೆಡೆಗೆ ಹೋದರು. ಅವರ ಹೆಸರು ಯಾವ ಫಲಕದಲ್ಲೂ ನಮಗೆ ಕಾಣದು. ಆದರೆ ರಾಷ್ಟ್ರಪತಿ ಭವನದಲ್ಲಿ ಕುಳಿತ ಮೇಲೂ ಕಲಾಂ ಅವರ ಆಮೆನ್ ಅನ್ನು ಮರೆಯಲಿಲ್ಲ. ನಾವು ಕೃತಜ್ಞತೆ ಸಲ್ಲಿಸಬೇಕಾದ ನಾಯಕ ತಾನೇ ಕೃತಜ್ಞತೆ ಬಲ್ಲವನಾಗಿದ್ದ. ಇದು ಅವರಿಂದ ನಾವು ಕಲಿಯಬೇಕಾದ ಮೊದಲ ಪಾಠ.

ಎರಡನೆಯ ಪಾಠ ಇಳಿಯುವುದರ ಬಗ್ಗೆ. 2007ರ ಬೇಸಿಗೆಯಲ್ಲಿ ಅವರ ಅವಧಿ ಮುಗಿಯುತ್ತ ಬಂತು. ಇನ್ನೊಂದು ಅವಧಿಗೆ ನಿಲ್ಲಬೇಕೆಂದು ಕೆಲವು ಪಕ್ಷಗಳು ಕೇಳಿದವು. ಸಾಮಾನ್ಯ ಜನರೂ, ವಿಶೇಷವಾಗಿ ಯುವಕರು, ಕೇಳಿದರು. ಎರಡು ಅವಧಿಗೆ ಆ ಪದವಿಯಲ್ಲಿದ್ದವರು ಬಾಬು ರಾಜೇಂದ್ರ ಪ್ರಸಾದ್ ಒಬ್ಬರೇ. ಆಸೆ ಯಾರಿಗಿಲ್ಲ? ಆದರೆ ರಾಷ್ಟ್ರಪತಿ ಭವನವನ್ನು ರಾಜಕೀಯದ ಹಗ್ಗಜಗ್ಗಾಟಕ್ಕೆ ಎಳೆಯಬಾರದೆಂದು ಜೂನ್ ತಿಂಗಳಲ್ಲಿ ಅವರು ಸ್ಪರ್ಧೆಯಿಂದ ಹಿಂದೆ ಸರಿದರು. ಎರಡು ಸೂಟ್‌ಕೇಸಿನೊಂದಿಗೆ ಬಂದವನು ಎರಡು ಸೂಟ್‌ಕೇಸಿನೊಂದಿಗೇ ಹೊರಡುತ್ತೇನೆ ಎಂದರು. ಅದಕ್ಕೆ ಮುಂಚೆ, ಏಪ್ರಿಲ್‌ನಲ್ಲಿ, ಅವರು ನಮ್ಮ ತುಮಕೂರಿಗೆ ಬಂದು ಸಿದ್ಧಗಂಗೆಯ ಶತಾಯುಷಿ ಶಿವಕುಮಾರ ಸ್ವಾಮೀಜಿಯವರಿಗೆ ನಮಿಸಿದ್ದರು. ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಹಿರಿಯರ ಮುಂದೆ ದೇಶದ ಪ್ರಥಮ ಪ್ರಜೆ ತಲೆಬಾಗಿದ್ದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. 2007ರ ಜುಲೈ 25ರಂದು ಶ್ರೀಮತಿ ಪ್ರತಿಭಾ ಪಾಟೀಲರಿಗೆ ಸ್ಥಾನ ಬಿಟ್ಟುಕೊಟ್ಟು ಮತ್ತೆ ಪಾಠ ಹೇಳಲು ಹೊರಟರು.

ಆ ಸೂಟ್‌ಕೇಸಿನ ಮಾತು ಬರೀ ಅಲಂಕಾರವಾಗಿರಲಿಲ್ಲ. ಅವರ ಕಾರ್ಯದರ್ಶಿಯಾಗಿದ್ದ ಪಿ.ಎಂ. ನಾಯರ್ ಬರೆದಿರುವ ಸಂಗತಿ ಇದು: ಊರಿನಿಂದ ಐವತ್ತಕ್ಕೂ ಹೆಚ್ಚು ಬಂಧುಗಳು ರಾಷ್ಟ್ರಪತಿ ಭವನಕ್ಕೆ ಬಂದು ಕೆಲವು ದಿನ ತಂಗಿದಾಗ, ಅವರ ಊಟ, ವಸತಿ, ಓಡಾಟದ ಖರ್ಚನ್ನೆಲ್ಲ ಲೆಕ್ಕ ಹಾಕಿಸಿ, ಸುಮಾರು ಮೂರೂವರೆ ಲಕ್ಷ ರೂಪಾಯಿಯನ್ನು ಕಲಾಂ ತಮ್ಮ ಕೈಯಿಂದಲೇ ಕಟ್ಟಿದರು.

ಇದನ್ನು ಕೇಳುವಾಗ ನನಗೆ ನೆನಪಾಗುವುದು ಪ್ರವಾದಿ ಸಮುವೇಲ. ಮೊದಲನೆಯ ಸಮುವೇಲನ ಗ್ರಂಥದ 12ನೆಯ ಅಧ್ಯಾಯವನ್ನು ಮನೆಗೆ ಹೋಗಿ ಓದಿರಿ. ತಲೆ ನರೆತ ಸಮುವೇಲ ಅಧಿಕಾರವನ್ನು ಬಿಟ್ಟುಕೊಡುವಾಗ ಜನರನ್ನೆಲ್ಲ ಸೇರಿಸಿ ಲೆಕ್ಕ ಒಪ್ಪಿಸುತ್ತಾನೆ. ನಾನು ಯಾರ ಎತ್ತನ್ನು ತೆಗೆದುಕೊಂಡೆ, ಯಾರ ಕತ್ತೆಯನ್ನು ಹೊಡೆದುಕೊಂಡು ಹೋದೆ, ಯಾರ ಕೈಯಿಂದ ಲಂಚ ತಿಂದೆ ಎಂದು ಕೇಳುತ್ತಾನೆ. ಜನ ಏನೂ ಇಲ್ಲ ಎನ್ನುತ್ತಾರೆ. ಆಮೇಲೆ ಅವನು ನಿಮಗಾಗಿ ಪ್ರಾರ್ಥಿಸುವುದನ್ನು ಮಾತ್ರ ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ಅದು ಪಾಪ ಎನ್ನುತ್ತಾನೆ. ಪದವಿ ಹೋದರೂ ಪ್ರೀತಿ ಹೋಗುವುದಿಲ್ಲ. ಬೀಳ್ಕೊಡುಗೆ ಎಂದರೆ ಹೀಗಿರಬೇಕು.

ಸಹೋದರ ಸಹೋದರಿಯರೇ, ಈಗ ಕಷ್ಟದ ಮಾತಿಗೆ ಬರುತ್ತೇನೆ. ಕೃತಜ್ಞತೆ ಎಂದರೆ ಕಣ್ಣು ಮುಚ್ಚಿಕೊಳ್ಳುವುದೇ? 1998ರ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ಅಣುಪರೀಕ್ಷೆ ನಡೆದಾಗ ಅದರ ಮುಂಚೂಣಿಯಲ್ಲಿದ್ದವರಲ್ಲಿ ಕಲಾಂ ಒಬ್ಬರು. ದೇಶವನ್ನು ಬಲಪಡಿಸಬೇಕೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಆದರೆ ಜಗದ್ಗುರು ಫ್ರಾನ್ಸಿಸ್ 2019ರ ನವೆಂಬರ್‌ನಲ್ಲಿ ಹಿರೋಷಿಮಾದಲ್ಲಿ ನಿಂತು, ಅಣ್ವಸ್ತ್ರವನ್ನು ಬಳಸುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅನೈತಿಕ ಎಂದು ಸಾರಿದರು. ಈ ಎರಡರ ನಡುವಿನ ಅಂತರವನ್ನು ಹೂಮಾಲೆಯಿಂದ ಮುಚ್ಚಲು ಬರುವುದಿಲ್ಲ. ಹಾಗೆಯೇ 2004ರಲ್ಲಿ ರಾಷ್ಟ್ರಪತಿಯಾಗಿ ಅವರು ಒಂದು ಕ್ಷಮಾದಾನದ ಅರ್ಜಿಯನ್ನು ತಿರಸ್ಕರಿಸಿದರು. ಆ ಕೈದಿಗೆ ಗಲ್ಲಾಯಿತು. ಮರಣದಂಡನೆಯನ್ನು ಒಪ್ಪಲಾಗದೆಂದು ಧರ್ಮಸಭೆ 2018ರಲ್ಲಿ ತನ್ನ ಧರ್ಮೋಪದೇಶ ಗ್ರಂಥದಲ್ಲೇ ತಿದ್ದಿ ಬರೆದಿದೆ.

ಹಾಗಾದರೆ ನಮ್ಮ ಕೃತಜ್ಞತೆ ಹುಸಿಯೇ? ಅಲ್ಲ. ಕತ್ತಿಗಳನ್ನು ಬಡಿದು ನೇಗಿಲ ಗುಳಗಳನ್ನು ಮಾಡುವ ದಿನವನ್ನು ಪ್ರವಾದಿ ಯೆಶಾಯ ಕಂಡನು. ಕಲಾಂ ಹೈದರಾಬಾದಿನಲ್ಲಿ ಕ್ಷಿಪಣಿಗಳ ಕೆಲಸದಲ್ಲಿದ್ದಾಗ ಆಸ್ಪತ್ರೆಯಲ್ಲಿ ಪುಟ್ಟ ಮಕ್ಕಳು ಮೂರು ಕಿಲೋಗೂ ಮೀರಿದ ಲೋಹದ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ಎಳೆದಾಡುವುದನ್ನು ಕಂಡರು. ಕ್ಷಿಪಣಿಗಾಗಿ ಕಂಡುಹಿಡಿದ ಹಗುರ ವಸ್ತುವಿನಿಂದಲೇ ಸುಮಾರು 300 ಗ್ರಾಂ ತೂಕದ ಪಟ್ಟಿಗಳನ್ನು ಮಾಡಿಸಿದರು. ಮಕ್ಕಳು ಓಡಾಡಿದರು, ತಂದೆತಾಯಿಯರು ಅತ್ತರು. ತಮ್ಮ ಜೀವನದ ಮಹಾ ಸಂತೋಷಗಳಲ್ಲಿ ಅದನ್ನೂ ಒಂದೆಂದು ಅವರು ಎಣಿಸುತ್ತಿದ್ದರು. ಮರಣದಂಡನೆಯ ವಿಷಯದಲ್ಲೂ ಅವರ ಮನಸ್ಸು ನಿಂತಲ್ಲೇ ನಿಲ್ಲಲಿಲ್ಲ. ತಮ್ಮ ಮುಂದೆ ಬಂದ ಅರ್ಜಿಗಳಲ್ಲಿ ಬಹುತೇಕ ಎಲ್ಲದರ ಹಿಂದೆ ಬಡತನ ಮತ್ತು ಸಾಮಾಜಿಕ ತಾರತಮ್ಯದ ನೆರಳನ್ನು ಕಂಡೆನೆಂದು ಮುಂದೆ ಬರೆದರು. 2015ರಲ್ಲಿ ಕಾನೂನು ಆಯೋಗ ಅಭಿಪ್ರಾಯ ಕೇಳಿದಾಗ ಆ ಶಿಕ್ಷೆ ಬೇಡ ಎಂದವರಲ್ಲಿ ಅವರೂ ಇದ್ದರು.

ಆದ್ದರಿಂದ ನಾಯಕನನ್ನು ಪೂಜಿಸುವವನು ಅವನಿಗೆ ಕೃತಜ್ಞನಲ್ಲ. ಪೂಜೆ ದೇವರೊಬ್ಬರಿಗೇ ಸಲ್ಲಬೇಕು. ವಿಗ್ರಹ ಮಾಡಿಟ್ಟ ಮನುಷ್ಯನಿಂದ ನಾವು ಏನನ್ನೂ ಕಲಿಯುವುದಿಲ್ಲ. ಅವನ ಒಂದು ತಪ್ಪು ಬಯಲಾದ ದಿನ ವಿಗ್ರಹವನ್ನು ನಾವೇ ಒಡೆಯುತ್ತೇವೆ. ಅವನಲ್ಲಿದ್ದ ಒಳಿತು ದೇವರ ವರವೆಂದು ತಿಳಿದು, ಅವನ ಕೊರತೆಯನ್ನು ದೇವರ ಕರುಣೆಗೆ ಒಪ್ಪಿಸಿ, ಎರಡನ್ನೂ ಸತ್ಯವಾಗಿ ಹೇಳುವವನೇ ಕೃತಜ್ಞ.

ಈ ಮಾತು ದೆಹಲಿಯದಷ್ಟೇ ಅಲ್ಲ, ನಮ್ಮ ಧರ್ಮಕೇಂದ್ರದ್ದೂ ಹೌದು. ಪಾಲನಾ ಸಮಿತಿಯ ಅವಧಿ ಮುಗಿದರೂ ಲೆಕ್ಕದ ಪುಸ್ತಕವನ್ನೂ ಬೀರುವಿನ ಬೀಗದ ಕೈಯನ್ನೂ ಬಿಟ್ಟುಕೊಡಲು ಮನಸ್ಸು ಬಾರದವರು ಎಲ್ಲ ಊರಿನಲ್ಲೂ ಇರುತ್ತಾರೆ. ಸ್ವಸಹಾಯ ಸಂಘ, ಗಾಯನ ವೃಂದ, ಯುವಜನ ಸಂಘ, ಎಲ್ಲೆಡೆಯೂ ಇದೇ ಕಥೆ. ನಾವು ಗುರುಗಳೂ ಇದಕ್ಕೆ ಹೊರತಲ್ಲ. ವರ್ಗಾವಣೆಯ ಪತ್ರ ಬಂದಾಗ ನಮ್ಮ ಪೆಟ್ಟಿಗೆಗಳ ಸಂಖ್ಯೆ ನಮ್ಮ ಬಗ್ಗೆ ಬಹಳಷ್ಟು ಹೇಳುತ್ತದೆ. ಇನ್ನೊಂದು ಕಡೆ, ಹತ್ತು ವರ್ಷ ಸಮಿತಿಗೆ ದುಡಿದ ಹಿರಿಯರು ಇಳಿದ ಮರುದಿನ ಅವರನ್ನು ಕಂಡೂ ಕಾಣದಂತೆ ಹೋಗುವವರೂ ನಾವೇ. ಅಕ್ಕನ ಬಳೆ ಒತ್ತೆಯಲ್ಲಿ ಓದಿ ಮೇಲೆ ಬಂದು, ಆ ಅಕ್ಕನನ್ನು ಹಬ್ಬಕ್ಕೂ ಕರೆಯದವರು ನಮ್ಮ ಮನೆಗಳಲ್ಲಿ ಇಲ್ಲವೇ?

ಈ ಹಬ್ಬದ ಮೂರು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ. ಒಂದು, ನಿಮ್ಮನ್ನು ಹೊಳೆ ದಾಟಿಸಿದ ಒಬ್ಬರನ್ನು ಈ ವಾರ ಹೋಗಿ ಕಾಣಿರಿ. ಅವರು ಬದುಕಿದ್ದಾಗಲೇ, ಕೈಹಿಡಿದು, ನಿಮ್ಮಿಂದ ನನಗಿದಾಯಿತು ಎಂದು ಹೇಳಿರಿ. ಎರಡು, ನಿಮ್ಮ ಕೈಯಲ್ಲಿರುವ ಯಾವುದೇ ಜವಾಬ್ದಾರಿಯ ಲೆಕ್ಕವನ್ನು ಯಾರು ಯಾವಾಗ ಕೇಳಿದರೂ ಒಪ್ಪಿಸುವಂತೆ ಇಟ್ಟುಕೊಳ್ಳಿ. ಮೂರು, ಪಕ್ಷ, ಧರ್ಮ ನೋಡದೆ ದೇಶದ ಹೊಣೆ ಹೊತ್ತವರಿಗಾಗಿಯೂ, ಹೊಣೆ ಇಳಿಸಿದವರಿಗಾಗಿಯೂ ಇಂದಿನ ಜಪಸರದಲ್ಲಿ ಒಂದು ರಹಸ್ಯವನ್ನು ಅರ್ಪಿಸಿರಿ.

ಕಲಾಂ 2015ರ ಜುಲೈ 27ರಂದು ಶಿಲ್ಲಾಂಗ್‌ನಲ್ಲಿ ವಿದ್ಯಾರ್ಥಿಗಳ ಮುಂದೆ ಉಪನ್ಯಾಸ ನೀಡುತ್ತಿರುವಾಗಲೇ ಕುಸಿದರು. ರಾಷ್ಟ್ರಪತಿಯಾಗಿದ್ದವರು ಮಕ್ಕಳಿಗೆ ಪಾಠ ಹೇಳುತ್ತ ಲೋಕ ಬಿಟ್ಟರು. ಮರಿಯಮ್ಮನವರೂ ತಮ್ಮ ಬದುಕಿನುದ್ದಕ್ಕೂ ಪ್ರಭುವಿನ ದಾಸಿಯಾಗಿಯೇ ಇದ್ದರು. ಕೊನೆಗೆ ಅವರನ್ನು ಮೇಲಕ್ಕೆ ಎತ್ತಿಕೊಂಡವರು ದೇವರು. ತಾನಾಗಿ ಏರಿದ ಪೀಠಗಳಿಂದ ಇಳಿಯಬೇಕಾಗುತ್ತದೆ. ದೇವರು ಎತ್ತಿದವರನ್ನು ಯಾರೂ ಇಳಿಸಲಾರರು.

ಸ್ವರ್ಗಸ್ವೀಕೃತ ಮಾತೆಯ ಮಧ್ಯಸ್ಥಿಕೆಯಿಂದ ನಮ್ಮ ದೇಶಕ್ಕೆ ಸೇವೆ ಬಲ್ಲ ನಾಯಕರೂ, ನೆನಪುಳ್ಳ ಜನರೂ ದೊರಕಲಿ. ತುಂಬಾದ ಬೆಸ್ತರಂತೆ, ದೇವರು ಕೇಳಿದ್ದನ್ನು ಕೊಡುವಾಗ ನಮ್ಮ ಬಾಯಿಂದಲೂ ಆಮೆನ್ ಎಂಬ ಮಾತು ಬರಲಿ.

ಆಮೆನ್.