ಸಣ್ಣ ಕಾಲೇಜು ಮತ್ತು ನಮ್ಮ ಮಕ್ಕಳು

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಆಶೀರ್ವಚನದ ಬರಹರೂಪ)



ಪಿ.ಯು.ಸಿ. ಫಲಿತಾಂಶ ಬಂದ ಮೇಲಿನ ಎರಡು ತಿಂಗಳು ಮಠಕ್ಕೆ ಬರುವವರ ಪ್ರಶ್ನೆಗಳೇ ಬೇರೆಯಾಗಿರುತ್ತವೆ. ಉಳಿದ ದಿನಗಳಲ್ಲಿ ಮಳೆಯ ವಿಷಯ, ಮನೆಯ ಪಾಲಿನ ವಿಷಯ, ಮಗಳ ಸಂಬಂಧದ ವಿಷಯ ಕೇಳುವವರು ಈ ಎರಡು ತಿಂಗಳು ಒಂದೊಂದು ಕಾಲೇಜಿನ ಹೆಸರು ಹಿಡಿದುಕೊಂಡು ಬರುತ್ತಾರೆ. "ಬುದ್ಧೀ, ಇದು ಖಾಸಗಿ ಕಾಲೇಜು, ಸಣ್ಣದು, ಹೆಸರು ಯಾರೂ ಕೇಳಿಲ್ಲ. ಇಲ್ಲಿ ಸೇರಿಸಿದರೆ ಹುಡುಗ ಮುಂದೆ ಬಂದಾನೆಯೆ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಮಾತು ಹೇಳಿ ಕಳುಹಿಸುವ ಬದಲು ಈ ಹುಣ್ಣಿಮೆಯ ದಿನ ಎಲ್ಲರಿಗೂ ಸೇರಿಸಿಯೇ ಹೇಳೋಣವೆಂದು ಮನಸ್ಸಾಯಿತು.

ಮೊದಲಿಗೇ ಒಂದು ಮಾತು. ನಮ್ಮ ಮಠಕ್ಕೂ ಒಂದು ಪದವಿ ಕಾಲೇಜು ಇದೆ, ಅದೂ ಸಣ್ಣದೇ. ಆದುದರಿಂದ ಈ ವಿಷಯದಲ್ಲಿ ನಮ್ಮ ಮಾತನ್ನು ನೀವು ಸ್ವಲ್ಪ ತೂಗಿಯೇ ಸ್ವೀಕರಿಸಬೇಕು. ಅಂಗಡಿಯವನು ತನ್ನ ಅಕ್ಕಿಯ ಬಗ್ಗೆ ಹೇಳಿದ್ದನ್ನು ಕೇಳಿಸಿಕೊಂಡರೂ ನಾಲ್ಕು ಕಾಳು ಅಂಗೈಗೆ ಹಾಕಿ ನೋಡುತ್ತೀರಲ್ಲವೆ? ಹಾಗೆಯೇ.

ಸಣ್ಣದು ಎಂಬ ಮಾತಿಗೇ ಹೆದರುವವರು ನಮ್ಮ ನಾಡಿನ ವಿದ್ಯಾಸಂಸ್ಥೆಗಳ ಹಳೆಯ ಕಥೆಯನ್ನು ಒಮ್ಮೆ ನೆನೆಯಬೇಕು. ೧೯೧೦ರಲ್ಲಿ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಬಿ.ಎಲ್.ಡಿ.ಇ. ಸಂಸ್ಥೆಯನ್ನು ಕಟ್ಟಿದಾಗ, ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣರು ಸೇರಿ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದಾಗ, ಅವೇನು ಈಗಿನ ಹಾಗೆ ಆಸ್ಪತ್ರೆ, ಇಂಜಿನಿಯರಿಂಗ್ ಕಾಲೇಜು, ವಿಶ್ವವಿದ್ಯಾಲಯಗಳಿಂದ ಕೂಡಿರಲಿಲ್ಲ. ಬೆಳಗಾವಿಯವರು ಮೊದಲು ತೆರೆದದ್ದು ಒಂದು ಶಾಲೆಯನ್ನು. ಆ ಶಾಲೆಯಿಂದ ೧೯೩೩ರ ಲಿಂಗರಾಜ ಕಾಲೇಜಿಗೆ ಬರಲು ಹದಿನೇಳು ವರ್ಷ ಹಿಡಿಯಿತು. ಅಲ್ಲಿಂದ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿಗೆ, ಎಂದರೆ ೧೯೪೭ಕ್ಕೆ, ಮತ್ತೆ ಹದಿನಾಲ್ಕು ವರ್ಷ. ಆ ಏಳು ಜನರನ್ನು ಜನ ಸಪ್ತರ್ಷಿಗಳೆಂದು ಕರೆದರು. ದುಡ್ಡಿದ್ದ ಕಡೆ ಸಂಬಳ ಹುಡುಕಿಕೊಂಡು ಹೋಗಬಹುದಾಗಿದ್ದವರು ಇಲ್ಲಿ ನಿಂತು ಪಾಠ ಹೇಳಿದರು. ಸಿದ್ಧಗಂಗೆಯಲ್ಲಿ ೧೯೬೩ರಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾದಾಗಲೂ ಅದು ಹೊಸ ಗಿಡವೇ ಆಗಿತ್ತು.

ಹಾಗೆಂದು ಸಣ್ಣದೆಲ್ಲ ಬೆಳೆಯುತ್ತದೆಂದಾಗಲಿ, ಸಣ್ಣದೆಲ್ಲ ಒಳ್ಳೆಯದೆಂದಾಗಲಿ ತಿಳಿಯಬೇಡಿ. ನಾವು ಇಂದು ಹೇಳಬೇಕೆಂದಿರುವುದು ಇದನ್ನೇ. ಕಾಲೇಜು ಸಣ್ಣದಾಗಿರುವುದಕ್ಕೆ ಎರಡು ಕಾರಣಗಳುಂಟು. ಇಷ್ಟೇ ಮಕ್ಕಳನ್ನು ಸೇರಿಸಿಕೊಂಡು ಇಷ್ಟನ್ನೇ ಚೆನ್ನಾಗಿ ನಡೆಸೋಣ ಎಂದು ಸಣ್ಣದಾಗಿ ಉಳಿದದ್ದು ಒಂದು. ಮಕ್ಕಳು ಬಿಟ್ಟುಹೋಗಿ, ಅಧ್ಯಾಪಕರು ಬಿಟ್ಟುಹೋಗಿ, ಸಣ್ಣದಾಗಿಬಿಟ್ಟದ್ದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಎರಡಕ್ಕೂ ಒಂದು ಕಮಾನು, ಒಂದು ಬೋರ್ಡು, ನಾಲ್ಕು ಕೂಂಡಗಳಲ್ಲಿ ಗಿಡ. ಒಳಗೆ ಹೋದರೆ ಮಾತ್ರ ವ್ಯತ್ಯಾಸ ಕಾಣುತ್ತದೆ.

ಒಳಗೆ ಹೋಗಿ ಏನು ನೋಡಬೇಕು? ನೀವೆಲ್ಲ ಆಫೀಸಿನಲ್ಲಿ ಕುಳಿತು ಫೀಜು ಕೇಳಿ ಬರುತ್ತೀರಿ. ಅಲ್ಲಿಂದ ಎದ್ದು ಎರಡನೆಯ ವರ್ಷದ ತರಗತಿಯ ಬಾಗಿಲಿಗೆ ಹೋಗಿ ನಿಲ್ಲಿರಿ. ಮೊದಲನೆಯ ವರ್ಷದಲ್ಲಿ ನಲವತ್ತು ಮಕ್ಕಳು ಸೇರಿದ್ದರು ಎಂದು ಹೇಳುತ್ತಾರೆ. ಎರಡನೆಯ ವರ್ಷದಲ್ಲಿ ಎಷ್ಟು ಜನ ಕುಳಿತಿದ್ದಾರೆ? ಮೂವತ್ತೈದು ಇದ್ದರೆ ಸಂತೋಷ. ಹದಿನೈದು ಇದ್ದರೆ ಉಳಿದವರು ಎಲ್ಲಿ ಹೋದರು, ಏಕೆ ಹೋದರು ಎಂದು ಆ ಹದಿನೈದು ಜನರನ್ನೇ ಕೇಳಿರಿ. ಮಕ್ಕಳು ಸುಳ್ಳು ಹೇಳುವುದು ಕಡಿಮೆ. ಆಮೇಲೆ ಪಾಠ ಹೇಳುವವರನ್ನು ಕಾಣಿರಿ. ಇಲ್ಲಿಗೆ ಬಂದು ಎಷ್ಟು ವರ್ಷವಾಯಿತೆಂದು ಸಹಜವಾಗಿ ಕೇಳಿರಿ. ಹತ್ತು ವರ್ಷ, ಎಂಟು ವರ್ಷ ಎಂದು ನಾಲ್ಕು ಜನ ಹೇಳಿದರೆ ಆ ಕಾಲೇಜಿನ ಅಡಿಪಾಯ ಗಟ್ಟಿಯಾಗಿದೆ. ಎಲ್ಲರೂ ಹೋದ ವರ್ಷ ಬಂದವರೇ ಆಗಿದ್ದರೆ, ಮುಂದಿನ ವರ್ಷ ಅವರೂ ಇರುವುದಿಲ್ಲ. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆಯೆ ಎಂದು ಕೇಳಲು ನಿಮಗೆ ಸಂಕೋಚವಾಗಬಹುದು. ಊರಿನಲ್ಲಿ ಕಿರಾಣಿ ಅಂಗಡಿಯವನನ್ನು ಕೇಳಿರಿ, ಯಾವ ಮೇಷ್ಟ್ರು ಎಷ್ಟು ತಿಂಗಳ ಉದ್ರಿ ಉಳಿಸಿಕೊಂಡಿದ್ದಾರೆಂದು ಅವನಿಗೆ ಗೊತ್ತಿರುತ್ತದೆ. ಸಂಬಳ ಸಿಗದ ಅಧ್ಯಾಪಕ ಒಳ್ಳೆಯವನೇ ಇರಬಹುದು, ಆದರೆ ಅವನ ಮನಸ್ಸು ಪಾಠದಲ್ಲಿರುವುದು ಹೇಗೆ? ಕಾಯಕಕ್ಕೆ ತಕ್ಕ ಕೂಲಿ ಕೊಡದೆ ಕಾಯಕದ ಮಾತನ್ನಾಡುವ ಅಧಿಕಾರ ಯಾವ ಸಂಸ್ಥೆಗೂ ಇಲ್ಲ, ಅದು ಮಠದ್ದಾಗಿದ್ದರೂ ಸರಿಯೆ.

ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇದಕ್ಕೊಂದು ಲೆಕ್ಕವೇ ಇದೆ. ಮೊದಲು ಹದಿನೈದು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕನಿರಬೇಕೆಂಬ ನಿಯಮವಿತ್ತು. ೨೦೧೮ರಲ್ಲಿ ಅದನ್ನು ಇಪ್ಪತ್ತಕ್ಕೆ ಒಬ್ಬ ಎಂದು ಸಡಿಲಿಸಿದರು. ಕಾಗದದ ಮೇಲಿರುವ ಅಧ್ಯಾಪಕರೆಲ್ಲ ತರಗತಿಯಲ್ಲಿಯೂ ಇರುತ್ತಾರೆಯೆ ಎಂಬುದನ್ನು ಮಾತ್ರ ನೀವೇ ಎಣಿಸಿಕೊಳ್ಳಬೇಕು. ನ್ಯಾಕ್ ಸಂಸ್ಥೆಯ ದರ್ಜೆಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕುವುದು ಈಗಿನ ಪದ್ಧತಿ. ದರ್ಜೆಯ ಪಕ್ಕದಲ್ಲಿ ವರ್ಷವನ್ನೂ ಓದಿರಿ. ದರ್ಜೆಗೊಂದು ಅವಧಿ ಉಂಟು. ಅವಧಿ ಮುಗಿದರೂ ಬೋರ್ಡು ಇಳಿಯುವುದಿಲ್ಲ.

ಇನ್ನು ಕೆಲವರು "ಸಣ್ಣ ಕಾಲೇಜಿನ ಡಿಗ್ರಿಗೆ ಬೆಲೆ ಇದೆಯೆ?" ಎನ್ನುತ್ತಾರೆ. ಸಂಯೋಜಿತ ಕಾಲೇಜು ತಾನಾಗಿ ಪದವಿ ಕೊಡುವುದಿಲ್ಲ, ವಿಶ್ವವಿದ್ಯಾಲಯ ಕೊಡುತ್ತದೆ. ೧೯೯೮ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಆದ ಮೇಲೆ ಅದಕ್ಕೆ ಸಂಯೋಜಿತವಾದ ತಾಲ್ಲೂಕಿನ ಕಾಲೇಜಿನ ಹುಡುಗನಿಗೂ ಬೆಂಗಳೂರಿನ ಕಾಲೇಜಿನ ಹುಡುಗನಿಗೂ ಒಂದೇ ವಿಶ್ವವಿದ್ಯಾಲಯದ ಹೆಸರಿನಲ್ಲಿ ಪದವಿ ಬರುತ್ತದೆ. ಸ್ವಾಯತ್ತ ಕಾಲೇಜುಗಳು ಪಠ್ಯಕ್ರಮವನ್ನೂ ಪ್ರಶ್ನೆಪತ್ರಿಕೆಯನ್ನೂ ತಾವೇ ಮಾಡಿಕೊಳ್ಳುತ್ತವೆ ಎಂಬುದೊಂದು ಭೇದವುಂಟು. ಕೆಲಸ ಕೊಡುವ ಕಂಪನಿಯವರು ದೊಡ್ಡ ಕಾಲೇಜಿನ ಬಾಗಿಲಿಗೆ ತಾವೇ ಹೋಗುತ್ತಾರೆ, ಸಣ್ಣ ಕಾಲೇಜಿನ ಹುಡುಗ ತಾನೇ ಅವರ ಬಾಗಿಲಿಗೆ ಹೋಗಬೇಕಾಗುತ್ತದೆ. ಇದು ನಿಜ, ಇದನ್ನು ಮುಚ್ಚಿಟ್ಟು ಮಾತನಾಡುವವರನ್ನು ನಂಬಬೇಡಿ.

೨೦೨೪ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಇನ್ನೊಂದು ಬದಲಾವಣೆ ಮಾಡಿತು. ಒಂದು ವಿಭಾಗದಲ್ಲಿ ಇಷ್ಟೇ ಸೀಟು ಎಂದಿದ್ದ ಮಿತಿಯನ್ನು ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ತೆಗೆದುಹಾಕಿತು. ದೊಡ್ಡ ಕೆರೆಗೆ ತೂಬು ಅಗಲ ಮಾಡಿದರೆ ಕೆಳಗಿನ ಕಟ್ಟೆಗಳ ಗತಿ ಏನಾಗುತ್ತದೋ, ಸಣ್ಣ ಕಾಲೇಜುಗಳ ಗತಿ ಹಾಗಾಗುವ ಭಯವಿದೆ. ಎಲ್ಲರಿಗೂ ಕಂಪ್ಯೂಟರ್ ವಿಭಾಗವೇ ಬೇಕು. ಸಿವಿಲ್, ಮೆಕ್ಯಾನಿಕಲ್ ಬೆಂಚುಗಳು ಖಾಲಿ. ಆದುದರಿಂದ ನಿಮ್ಮ ಮಗ ಸೇರಬೇಕೆಂದಿರುವ ವಿಭಾಗದಲ್ಲಿ ಹಿಂದಿನ ಎರಡು ವರ್ಷ ಎಷ್ಟು ಜನ ಸೇರಿದರೆಂದು ಕೇಳಿಕೊಳ್ಳಿರಿ. ನಡುವೆ ವಿಭಾಗವೇ ನಿಂತರೆ ಹುಡುಗ ಅತಂತ್ರನಾಗುತ್ತಾನೆ.

ಹಣದ ಮಾತು. ವಂತಿಗೆ ನಿಷೇಧದ ಕಾಯಿದೆ ನಮ್ಮ ರಾಜ್ಯದಲ್ಲಿ ೧೯೮೪ರಷ್ಟು ಹಿಂದಿನದು. ೧೯೯೨ರಲ್ಲಿ ಕರ್ನಾಟಕದ ಮೊಕದ್ದಮೆಯೊಂದರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ವಂತಿಗೆಯನ್ನು ಕಟುವಾಗಿ ಖಂಡಿಸಿತು. ಇಷ್ಟಾದರೂ ರಸೀದಿಯಿಲ್ಲದ ಹಣ ಕೈಯಿಂದ ಕೈಗೆ ದಾಟುತ್ತದೆ, ದಾಟಿಸುವವರು ನೀವೇ. ರಸೀದಿ ಕೊಡದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೂಲ ಅಂಕಪಟ್ಟಿಗಳನ್ನು ಕಾಲೇಜಿನವರು ಇಟ್ಟುಕೊಳ್ಳಬಾರದೆಂದು ೨೦೧೮ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಪ್ರಕಟಣೆ ಹೊರಡಿಸಿದೆ. ತೋರಿಸಿರಿ, ಪರಿಶೀಲಿಸಲಿ, ಮರಳಿ ತನ್ನಿರಿ.

ಮೊನ್ನೆ ಒಬ್ಬ ಭಕ್ತರು ಬಂದಿದ್ದರು, ಹೆಸರು ಬೇಡ. ನಾಲ್ಕು ಎಕರೆ ಮೆಕ್ಕೆಜೋಳದ ಹೊಲ. ಎರಡು ಎಕರೆ ಮಾರಿ ಮಗನನ್ನು ಬೆಂಗಳೂರಿನ ದೊಡ್ಡ ಕಾಲೇಜಿಗೆ ಆಡಳಿತ ಮಂಡಳಿಯ ಕೋಟಾದಲ್ಲಿ ಸೇರಿಸುತ್ತೇನೆ, ಆಶೀರ್ವಾದ ಮಾಡಬೇಕು ಎಂದರು. ಸಿ.ಇ.ಟಿ.ಯಲ್ಲಿ ಹುಡುಗನಿಗೆ ಜಿಲ್ಲೆಯ ಸಣ್ಣ ಕಾಲೇಜೊಂದರಲ್ಲಿ ಸರ್ಕಾರಿ ಶುಲ್ಕದ ಸೀಟು ಸಿಗುವಂತಿತ್ತು. ನಾವು ಹುಡುಗನನ್ನು ಕೇಳಿದೆವು, ನಿನ್ನ ಮನಸ್ಸಿನಲ್ಲಿ ಏನಿದೆಯಪ್ಪಾ ಎಂದು. ಆತ ತಂದೆಯ ಮುಖ ನೋಡಿದ. ಮತ್ತೊಮ್ಮೆ ಕೇಳಿದೆವು. ಮತ್ತೂ ತಂದೆಯ ಮುಖವನ್ನೇ ನೋಡಿದ. ತಂದೆಗೆ ಹೇಳಿದೆವು: ನೀವು ಹೊಲ ಮಾರುವ ಮೊದಲು ಮಗನನ್ನು ಕರೆದುಕೊಂಡು ಆ ಸಣ್ಣ ಕಾಲೇಜಿಗೆ ಒಂದು ದಿನ ಹೋಗಿ ಬನ್ನಿ, ಬೆಂಗಳೂರಿಗೂ ಒಂದು ದಿನ ಹೋಗಿ ಬನ್ನಿ, ಬರುವಾಗ ಬಸ್ಸಿನಲ್ಲಿ ಅವನ ಪಕ್ಕದಲ್ಲಿ ಕುಳಿತು ಬನ್ನಿ, ಹೆಚ್ಚು ಮಾತನಾಡಬೇಡಿ, ಅವನು ಮಾತನಾಡುವ ತನಕ ಕಾಯಿರಿ. ಹೊಲ ಮಾರಿದರೋ ಉಳಿಸಿಕೊಂಡರೋ ನಮಗೆ ಸುದ್ದಿ ಬಂದಿಲ್ಲ. ಮಾರಿದರೆ ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ ಎರಡು ಎಕರೆಯ ಭಾರವನ್ನು ಹೊತ್ತುಕೊಂಡು ಕ್ಲಾಸಿನಲ್ಲಿ ಕುಳಿತ ಹುಡುಗ ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯದಲ್ಲಿ ನಪಾಸಾದರೆ ಅದನ್ನು ಮನೆಗೆ ಬಂದು ಹೇಳುವ ಧೈರ್ಯ ಮಾಡಿಯಾನೆ?

ಕೆಲವು ಮಕ್ಕಳು ಮೂವತ್ತು ಜನರ ನಡುವೆ ಅರಳುತ್ತಾರೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಇಂಗ್ಲಿಷಿಗೆ ಅಂಜುವ ಹುಡುಗನಿಗೆ, ಹೆಸರು ಹಿಡಿದು ಕರೆಯುವ ಅಧ್ಯಾಪಕ ಸಿಕ್ಕರೆ, ಎರಡು ದಿನ ಬಾರದಿದ್ದರೆ ಏಕೆ ಬರಲಿಲ್ಲವೆಂದು ಫೋನು ಮಾಡುವವರಿದ್ದರೆ, ಅದಕ್ಕಿಂತ ದೊಡ್ಡ ಸೌಲಭ್ಯ ಬೇಡ. ಇನ್ನು ಕೆಲವು ಮಕ್ಕಳಿಗೆ ತಮಗಿಂತ ಚುರುಕಾದವರ ಜೊತೆ ಸೆಣಸದಿದ್ದರೆ ತುಕ್ಕು ಹಿಡಿಯುತ್ತದೆ. ಅಂಥವರನ್ನು ಖರ್ಚಿಗೆ ಅಂಜಿ ಹತ್ತಿರದ ಕಾಲೇಜಿನಲ್ಲಿ ಕಟ್ಟಿಹಾಕಬಾರದು.

ಇಲ್ಲಿಯೇ ತಾಯಂದಿರಿಗೂ ತಂದೆಯರಿಗೂ ಒಂದು ಮಾತು ಹೇಳಬೇಕಾಗಿದೆ, ಕೋಪಿಸಿಕೊಳ್ಳಬಾರದು. ಹತ್ತಿರದ ಸಣ್ಣ ಕಾಲೇಜೇ ಸಾಕು ಎಂದು ಬರುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳ ತಂದೆತಾಯಿಗಳು. ಮಗನಿಗೆ ಕಾಲೇಜು ಹುಡುಕುವಾಗ ಹೊಲದ ಬೆಲೆ ಕೇಳುತ್ತೀರಿ, ಮಗಳಿಗೆ ಹುಡುಕುವಾಗ ಸಂಜೆಯ ಬಸ್ಸಿನ ವೇಳೆ ಕೇಳುತ್ತೀರಿ. ವಿಜ್ಞಾನದಲ್ಲಿ ಶೇಕಡಾ ತೊಂಬತ್ತು ತೆಗೆದ ಹುಡುಗಿಯೊಬ್ಬಳನ್ನು ಅವಳ ಮನೆಯವರು ನಮ್ಮ ಮಠದ ಕಾಲೇಜಿಗೆ ಬಿ.ಕಾಂ.ಗೆ ಸೇರಿಸಲು ಕರೆತಂದರು. ನಮ್ಮಲ್ಲಿ ಬಿ.ಎ., ಬಿ.ಕಾಂ. ಮಾತ್ರ ಉಂಟು, ಬಿ.ಎಸ್ಸಿ. ಇಲ್ಲ. "ಮಠದ ಕಾಲೇಜು, ನಿಮ್ಮ ಕಣ್ಣಿನ ಮುಂದೆ ಇರುತ್ತಾಳೆ" ಎಂದರು. ಅರ್ಜಿಯನ್ನು ತೆಗೆದುಕೊಳ್ಳಬೇಡಿರೆಂದು ನಾವೇ ಪ್ರಾಂಶುಪಾಲರಿಗೆ ಹೇಳಿದೆವು. ಆ ಮನೆಯವರಿಗೆ ನೋವಾಯಿತು, ಒಂದು ತಿಂಗಳು ಮಠದ ಕಡೆ ಬರಲಿಲ್ಲ. ಬರದಿದ್ದರೂ ಚಿಂತೆಯಿಲ್ಲ, ಹುಡುಗಿ ಜಿಲ್ಲಾ ಕೇಂದ್ರದ ಸರ್ಕಾರಿ ವಿಜ್ಞಾನ ಕಾಲೇಜಿಗೆ ಹೋಗುತ್ತಿದ್ದಾಳೆ. ೨೦೨೩ರ ಜೂನ್ ತಿಂಗಳಿನಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ಆದುದರಿಂದ ದಾರಿಯ ಖರ್ಚಿನ ಮಾತೂ ಉಳಿದಿಲ್ಲ. ಉಡುತಡಿಯಿಂದ ಕಲ್ಯಾಣದ ತನಕ ಒಬ್ಬಳೇ ನಡೆದು ಬಂದ ಅಕ್ಕನ ಹೆಸರನ್ನು ಮಗಳಿಗೆ ಇಡುತ್ತೀರಿ, ಆ ಮಗಳನ್ನು ತಾಲ್ಲೂಕು ದಾಟಿಸಲು ಅಂಜುತ್ತೀರಿ!

ಭಕ್ತಿಗೋಸ್ಕರ ಮಕ್ಕಳನ್ನು ನಮ್ಮ ಕಾಲೇಜಿಗೆ ಸೇರಿಸಬೇಡಿ. ಮಠಕ್ಕೆ ಭಕ್ತಿ ತೋರಿಸಲು ಬೇರೆ ದಾರಿಗಳುಂಟು. ಜೋಳ ತನ್ನಿರಿ, ದಾಸೋಹಕ್ಕೆ ಸೌದೆ ತನ್ನಿರಿ, ಜಾತ್ರೆಯಲ್ಲಿ ಕಸ ಗುಡಿಸಿರಿ. ಮಗುವಿನ ಮೂರು ವರ್ಷವನ್ನು ಕಾಣಿಕೆಯಾಗಿ ಕೊಡಬೇಡಿ, ಅದು ನಿಮ್ಮದಲ್ಲ, ಆ ಮಗುವಿನದು. ಕಲಾ ವಿಭಾಗವೋ ವಾಣಿಜ್ಯವೋ ಮಗು ಬಯಸುತ್ತಿದ್ದರೆ, ನಮ್ಮ ಅಧ್ಯಾಪಕರು ನಿಮಗೆ ಒಪ್ಪಿಗೆಯಾದರೆ, ಆಗ ಸಂತೋಷದಿಂದ ಬನ್ನಿರಿ.

ಬರುವ ಸೋಮವಾರದಿಂದ ಶನಿವಾರದ ತನಕ ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆಯವರೆಗೆ ಕಾಲೇಜು ನೋಡಲು ಬರುವವರಿಗೆ ಬಾಗಿಲು ತೆರೆದಿರುತ್ತದೆ. ಎರಡನೆಯ ವರ್ಷದವರ ತರಗತಿಗಳು ನಡೆದಿವೆ. ಗ್ರಂಥಾಲಯ, ಕಂಪ್ಯೂಟರ್ ಕೋಣೆ, ಹಾಜರಿ ಪುಸ್ತಕ, ಹಿಂದಿನ ಮೂರು ವರ್ಷದ ಫಲಿತಾಂಶ, ಕೇಳಿದವರಿಗೆ ಎಲ್ಲವನ್ನೂ ತೋರಿಸಬೇಕೆಂದು ಪ್ರಾಂಶುಪಾಲರಿಗೆ ಹೇಳಿದ್ದೇವೆ. ಅಧ್ಯಾಪಕರನ್ನು ಸಂಬಳದ ಮಾತು ಕೇಳಿದರೂ ಅವರು ಬೇಸರಿಸುವುದಿಲ್ಲ. ಮಗುವನ್ನು ಬಿಟ್ಟು ಬರಬೇಡಿ, ಕರೆದುಕೊಂಡೇ ಬನ್ನಿರಿ. ಒಂದು ಗಂಟೆಗೆ ದಾಸೋಹದಲ್ಲಿ ಪ್ರಸಾದವುಂಟು. ಸೇರಿಸಿದವರಿಗೂ ಉಂಟು, ನೋಡಿ ಬೇಡವೆಂದು ಹೊರಟವರಿಗೂ ಉಂಟು.