ಫೋನು ಹೊಲದಲ್ಲಿ, ಹುಡುಗಿ ಮನೆಯಲ್ಲಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತು ಹೇಳು ಎಂದು ಸರ್ ಹೇಳಿದ್ದಾರೆ. ನಾನು ಕೊರೊನಾ ಕಾಲದ ಒಂದು ಸೆಮಿಸ್ಟರ್ ಬಗ್ಗೆ ಹೇಳುತ್ತೇನೆ. ಆಗ ನಾನು ಬೆಂಗಳೂರಿನಲ್ಲಿ ಕ್ರೈಸ್ತ ಪಾದ್ರಿಗಳು ನಡೆಸುವ ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಅದರ ಹೆಸರು ಇಲ್ಲಿ ಬೇಡ. ಬೆಂಗಳೂರಿನಲ್ಲಿ ಅಂಥ ಸಂಸ್ಥೆಗಳು ಹಲವು ಇವೆ. ಕ್ರೈಸ್ಟ್ ನಿಮಗೆಲ್ಲ ಗೊತ್ತು: 1969ರಲ್ಲಿ ಕಾಲೇಜಾಗಿ ಶುರುವಾಗಿ, 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಅದನ್ನು ನಡೆಸುವ ಪಾದ್ರಿಗಳ ಸಂಘದ ಸ್ಥಾಪಕರಲ್ಲಿ ಒಬ್ಬರು ಕೇರಳದ ಚಾವರ ಕುರಿಯಾಕೋಸ್. ಪ್ರತಿ ಚರ್ಚಿನ ಪಕ್ಕ ಒಂದು ಶಾಲೆ ಇರಲೇಬೇಕು ಎಂದು 19ನೇ ಶತಮಾನದಲ್ಲೇ ಆಜ್ಞೆ ಮಾಡಿದವರು. ಜನ ಸೇರುವ ಜಾಗಕ್ಕೆ ಶಾಲೆ ಹೋಗಬೇಕು ಎಂಬ ಲೆಕ್ಕ ಅದು. ಆ ಮಾತಿಗೆ ಆಮೇಲೆ ಬರುತ್ತೇನೆ.

2020ರ ಮಾರ್ಚ್ 10ರಂದು ನಮ್ಮ ಪಕ್ಕದ ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ದೇಶದಲ್ಲೇ ಮೊದಲ ಕೊರೊನಾ ಸಾವು ಅದು. 14ರಿಂದ ರಾಜ್ಯದ ಕಾಲೇಜುಗಳೆಲ್ಲ ಬಂದ್. ಒಂದು ವಾರದ ಮಾತು ಎಂದುಕೊಂಡು ಹುಡುಗರು ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದರು. ಪುಸ್ತಕ, ನೋಟ್ಸು, ಲ್ಯಾಪ್‌ಟಾಪ್ ಇದ್ದವರದು ಲ್ಯಾಪ್‌ಟಾಪ್ ಕೂಡ ಹಾಸ್ಟೆಲ್ಲಿನಲ್ಲೇ ಉಳಿದವು.

ಖಾಲಿ ಕ್ಯಾಂಪಸ್ ನಡೆಸುವುದು ಸುಲಭ ಎಂದು ತಿಳಿಯಬೇಡಿ. ಈಶಾನ್ಯ ರಾಜ್ಯಗಳ ಕೆಲವು ಮಕ್ಕಳು ಊರಿಗೆ ಹೋಗಲಾಗದೆ ಹಾಸ್ಟೆಲ್ಲಿನಲ್ಲೇ ಸಿಕ್ಕಿಕೊಂಡಿದ್ದರು. ಅವರಿಗೆ ಅಡುಗೆ ಆಗಬೇಕು, ಮೆಸ್ಸಿನವರಿಗೆ ಪಗಾರ ಆಗಬೇಕು. ಏಪ್ರಿಲ್ 12ರ ಈಸ್ಟರ್ ಪೂಜೆಯನ್ನು ಖಾಲಿ ಚರ್ಚಿನಲ್ಲಿ ಮಾಡಿ ಫೋನಿನಲ್ಲಿ ತೋರಿಸಲು ಒಂದು ಕ್ಯಾಮೆರಾ, ಒಂದು ಮೈಕ್ ತಂದಿದ್ದರು. ಮರುವಾರದಿಂದ ಅದೇ ಮೈಕಿನ ಮುಂದೆ ಅರ್ಥಶಾಸ್ತ್ರದ ಪಾಠ ಶುರುವಾಯಿತು!

ಆ ಸೆಮಿಸ್ಟರ್ ಹೇಗೋ ದಾಟಿತು. ಲಾಕ್‌ಡೌನ್ ಅವಧಿಯನ್ನು ಹಾಜರಿ ಎಂದೇ ಪರಿಗಣಿಸಬಹುದು ಎಂದು ಯುಜಿಸಿ ಏಪ್ರಿಲ್ ಕೊನೆಗೆ ಹೇಳಿತು. ತೊಂದರೆ ಬಂದಿದ್ದು ಮುಂದಿನ ಸೆಮಿಸ್ಟರಿನಲ್ಲಿ. ಕ್ಲಾಸೆಲ್ಲ ಆನ್‌ಲೈನ್, ಹಾಜರಿ ಶೇಕಡ 75ರ ನಿಯಮ ಮಾತ್ರ ಮೊದಲಿನದೇ. ಲಾಗಿನ್ ಆದರೆ ಹಾಜರ್, ಇಲ್ಲದಿದ್ದರೆ ಗೈರು. ಕಂಪ್ಯೂಟರಿಗೆ ಬೇರೆ ಏನೂ ಗೊತ್ತಾಗುವುದಿಲ್ಲ.

ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ನಮ್ಮ ಆನ್‌ಲೈನ್ ಕ್ಲಾಸಿನಲ್ಲಿ ಹೊರಗೆ ಹುಡುಗನ ಹೆಸರು, ಒಳಗೆ ಹುಡುಗನೇ ಇಲ್ಲ. ಬೆಂಗಳೂರಿನ ಹುಡುಗ ಲಾಗಿನ್ ಆಗಿ ಮಲಗಿದರೂ ಹಾಜರ್. ಔರಾದದ ಹುಡುಗಿ ರಾತ್ರಿ ಕೂತು ಅದೇ ಪಾಠ ಓದಿದರೂ ಗೈರು.

ಸೆಪ್ಟೆಂಬರಿನಲ್ಲಿ ಹಾಜರಿ ಕಡಿಮೆ ಇದ್ದವರ ಪಟ್ಟಿ ತೆಗೆದೆವು. ಅದರಲ್ಲಿ ನಮ್ಮ ಜಿಲ್ಲೆಯವರು ಮೂವರು. ಹಾಜರಿ ಕಡಿಮೆಯಾದರೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದಿದ್ದರೆ ಒಂದು ವರ್ಷ ಹೋಯಿತು. ನಮ್ಮ ಕಡೆ ಹುಡುಗಿಯ ಒಂದು ವರ್ಷ ಹೋಯಿತೆಂದರೆ ಏನು ಎಂದು ಇಲ್ಲಿ ಕೂತ ತಾಯಂದಿರಿಗೆ ನಾನು ಹೇಳಬೇಕಿಲ್ಲ. ಆ ಕ್ಲಾಸಿನ ಹೊಣೆ ಒಬ್ಬ ಮಲಯಾಳಿ ಸಿಸ್ಟರ್ ಅವರದು. ಅವರು ಔರಾದ ತಾಲ್ಲೂಕಿನ ಒಂದು ಮನೆಗೆ ಫೋನ್ ಹಚ್ಚಿದರು. ಆ ಕಡೆಯ ಮಾತು ಒಂದೂ ತಿಳಿಯಲಿಲ್ಲ. "ನೀವು ಬೀದರಿನವರಲ್ಲವಾ, ನೀವೇ ಮಾತಾಡಿ" ಎಂದು ಫೋನು ನನ್ನ ಕೈಗೆ ಕೊಟ್ಟರು.

"ಕಾಕಾ, ಹುಡುಗಿ ಕ್ಲಾಸಿಗೆ ಯಾಕ ಬರವಲ್ಲಳು?" ಅಂದೆ.

"ಫೋನ್ ನನ್ನ ಸಂಗಡ ಹೊಲದಾಗ ಅದರೀ ಸಾಹೇಬ್ರ, ಪೋರಿ ಮನ್ಯಾಗ ಅದಾಳ. ಹ್ಯಾಂಗ ಬರಬೇಕು?"

ಮನೆಗೆಲ್ಲ ಅದೊಂದೇ ಫೋನು. ಹೊಲದಲ್ಲೂ ಗುಡ್ಡದ ಕಡೆ ನಿಂತರೆ ಮಾತ್ರ ಸಿಗ್ನಲ್. ರಾತ್ರಿ ಅಪ್ಪ ಬಂದ ಮೇಲೆ ಮಗಳ ಕೈಗೆ ಫೋನು, ಅದೂ ಕರೆಂಟ್ ಇದ್ದರೆ. ಇನ್ನು ಡೇಟಾದ ಲೆಕ್ಕ ಕೇಳಿ: ದಿನಕ್ಕೆ ಒಂದೂವರೆ ಜಿಬಿ ಪ್ಯಾಕು, ವಿಡಿಯೊ ಕ್ಲಾಸು ತಾಸಿಗೆ ಅರ್ಧ ಜಿಬಿಗೂ ಹೆಚ್ಚು ತಿನ್ನುತ್ತದೆ. ದಿನಕ್ಕೆ ಐದು ತಾಸು ಪಾಠವಿದ್ದರೆ ಮಧ್ಯಾಹ್ನಕ್ಕೇ ಪ್ಯಾಕು ಖಾಲಿ.

ಆ ಒಂದು ಮಾತನ್ನು ಸಿಸ್ಟರ್ ಹಾಗೆಯೇ ಮೀಟಿಂಗಿಗೆ ಒಯ್ದರು. ಲಾಗಿನ್ ಬೇಡ, ಪಾಠದ ಮೇಲೆ ಐದು ಸಾಲು ಬರೆದು ಎರಡು ದಿನದೊಳಗೆ ಕಳಿಸಿದರೆ ಹಾಜರಿ ಕೊಡೋಣ ಎಂದರು. ಬೇರೆಯವರು ಬರೆದುಕೊಟ್ಟರೆ ಏನು ಗತಿ ಎಂದು ಒಬ್ಬರು ಕೇಳಿದರು. ಮಲಗಿದವನಿಗೆ ಈಗ ಹಾಜರಿ ಕೊಡುತ್ತಿಲ್ಲವೇ ಎಂದು ಸಿಸ್ಟರ್ ಕೇಳಿದರು. ಎರಡು ಮೀಟಿಂಗ್ ಜಗಳವಾಗಿ, ಕೊನೆಗೆ ಒಪ್ಪಿದರು. ಪಾಠವನ್ನು ಬರೀ ಧ್ವನಿಯಾಗಿ ಕಳಿಸಿದರೆ ಒಂದು ತಾಸಿನ ಪಾಠ 15 ಎಂಬಿಯಷ್ಟರಲ್ಲೇ ಮುಗಿಯುತ್ತದೆ. ಅದನ್ನು ಮಾಡಿಕೊಟ್ಟಿದ್ದು ನಮ್ಮ ವಿಭಾಗ. ದೊಡ್ಡ ತಂತ್ರಜ್ಞಾನವೇನಲ್ಲ. ಹಾಸ್ಟೆಲ್ಲಿನಲ್ಲಿ ಉಳಿದಿದ್ದ ಪುಸ್ತಕಗಳನ್ನು ಗಂಟು ಕಟ್ಟಿ ಪೋಸ್ಟ್ ಮಾಡಿದ್ದು ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ನವೆಂಬರ್ 17ಕ್ಕೆ ಕಾಲೇಜು ತೆರೆದಾಗ ಕೊರೊನಾ ಪರೀಕ್ಷೆಯ ರಿಪೋರ್ಟು, ಅಪ್ಪ-ಅವ್ವನ ಒಪ್ಪಿಗೆ ಪತ್ರ ಹಿಡಿದು ಅಂತಿಮ ವರ್ಷದವರು ಬಂದರು. ಔರಾದದ ಹುಡುಗಿ ಬಂದಳು, ಡಿಗ್ರಿಯನ್ನೂ ಮುಗಿಸಿದಳು. ಬೀದರ್ ನಗರದ ಹುಡುಗನೂ ಬಂದ. ಭಾಲ್ಕಿ ಕಡೆಯ ಹುಡುಗಿ ಬರಲಿಲ್ಲ. ಹೊಸ ನಿಯಮ ಆಗುವಷ್ಟರಲ್ಲಿ ಅವಳ ಮದುವೆ ಗೊತ್ತಾಗಿತ್ತು. ಅವಳ ಪುಸ್ತಕದ ಗಂಟನ್ನು ಯಾರ ವಿಳಾಸಕ್ಕೆ ಕಳಿಸಬೇಕೆಂದು ಸಿಸ್ಟರ್ ನನ್ನನ್ನು ಕೇಳಿದರು. ನಾನು ತವರಿನ ವಿಳಾಸವನ್ನೇ ಬರೆದೆ.

ಬೀದರಿನ ಮಹಮೂದ್ ಗವಾನ್ ಮದರಸಾವನ್ನು ನಾವೆಲ್ಲ ಶಾಲೆಯ ಪ್ರವಾಸದಲ್ಲಿ ನೋಡಿದ್ದೇವೆ. 1472ರಲ್ಲಿ ಅದನ್ನು ಕಟ್ಟಿದಾಗ ಪಾಠದ ಕೋಣೆ, ಗ್ರಂಥಾಲಯಗಳ ಜೊತೆಗೆ ಓದುವವರಿಗೂ ಓದಿಸುವವರಿಗೂ ಇರುವ ಕೋಣೆಗಳನ್ನು ಕಟ್ಟಿದರು. ಯಾಕೆ ಎಂದು ನನಗೆ ತಿಳಿದಿದ್ದು 2020ರಲ್ಲಿ. ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಒಂದೇ ಲೈಟು, ಒಂದೇ ಟೇಬಲ್ಲು. ಊರಿಗೆ ಹೋದ ದಿನ ಯಾರ ಮನೆ ಎಂಥದು ಎಂಬುದೇ ಅವರವರ ಮಾರ್ಕ್ಸು ಆಯಿತು.

ಅದೇ ಆಗಸ್ಟಿನಲ್ಲಿ ಇಲ್ಲಿ ನಮ್ಮ ಗುರುಗಳು ಏನು ಮಾಡುತ್ತಿದ್ದರು? ವಿದ್ಯಾಗಮ. ಗುಡಿಯ ಕಟ್ಟೆ, ಬೇವಿನ ಮರದ ನೆರಳು, ಎಲ್ಲಿ ಮಕ್ಕಳಿದ್ದರೋ ಅಲ್ಲಿಗೆ ಶಾಲೆಯೇ ಹೋಯಿತು. ಚಾವರ ಹೇಳಿದ್ದು ಇದನ್ನೇ ಅಲ್ಲವೇ! ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2021ರ ಜನವರಿ 1ರಿಂದ ಶಾಲೆಯ ಆವರಣದಲ್ಲೇ ಮತ್ತೆ ಶುರುವಾಯಿತು. ನಮ್ಮ ಸರ್ವರುಗಳಿಗೆ ಸಿಗದ ಮಕ್ಕಳು ಸೈಕಲ್ ಮೋಟಾರಿನ ಮೇಲೆ ಹೋದ ಮಾಸ್ತರಿಗೆ ಸಿಕ್ಕರು.

ಮಹೋತ್ಸವದ ನಿಧಿಯಿಂದ ಒಂದು ಕಂಪ್ಯೂಟರ್ ಕೋಣೆ ಕಟ್ಟುವ ವಿಚಾರ ಇದೆಯಂತೆ. ನನ್ನ ಪಾಲು ಕೊಡುತ್ತೇನೆ. ಕೇಳುವುದು ಇಷ್ಟೇ: ಹತ್ತು ಕಂಪ್ಯೂಟರ್ ಬೇಡ, ನಾಲ್ಕು ಸಾಕು. ಉಳಿದ ದುಡ್ಡಿನಲ್ಲಿ ಇನ್ವರ್ಟರ್, ವೈಫೈ, ಗೋಡೆಯ ತುಂಬ ಪ್ಲಗ್ ಪಾಯಿಂಟು ಹಾಕಿಸಿ. ರಾತ್ರಿ ಒಂಬತ್ತರವರೆಗೆ ಡಿಗ್ರಿ ಓದುವ ಹೆಣ್ಣುಮಕ್ಕಳು ಬಂದು ಕೂಡಲಿ. ಕೀಲಿ ಮಾತ್ರ ಸಂಜೆ ಬಸ್ಸಿಗೆ ಬೀದರಿಗೆ ಹೋಗುವವರ ಕೈಯಲ್ಲಿ ಬೇಡ, ಇದೇ ಊರಲ್ಲಿ ಮಲಗುವವರ ಕೈಯಲ್ಲಿ ಇರಲಿ.