ಕೊಳ್ಳಿ ಬಿದ್ದ ದಿಕ್ಕು

ಮಳೆಗಾಲದ ಮೋಡಗಳೆಲ್ಲ ಹಿಂದೆ ಸರಿದ ಮೇಲೆ, ಡಿಸೆಂಬರ್ ತಿಂಗಳಿನಲ್ಲಿ, ನಮ್ಮ ಶಿವಮೊಗ್ಗೆಯ ಆಕಾಶ ತೊಳೆದಿಟ್ಟಂತೆ ಇರುತ್ತದೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಸಂಜೆ, ಏಳೂವರೆ ಗಂಟೆಯ ಸುಮಾರಿಗೆ, ನಾನೂ ನನ್ನ ಹಳೆಯ ಸಹೋದ್ಯೋಗಿಗಳೊಬ್ಬರೂ ವಾಯುವಿಹಾರ ಮುಗಿಸಿ ತುಂಗಾ ಸೇತುವೆಯ ಕಟಕಟೆಗೆ ಒರಗಿ ನಿಂತಿದ್ದೆವು. ಆಗ ಭದ್ರಾವತಿಯ ಕಡೆಗೆ, ಅಂದರೆ ಆಗ್ನೇಯ ದಿಕ್ಕಿನಲ್ಲಿ, ಹಸಿರು ಛಾಯೆಯ ಬೆಳಕೊಂದು ಆಕಾಶವನ್ನು ಗೀರಿಕೊಂಡು ಕೆಳಗಿಳಿಯಿತು. ಕೊನೆಗೆ ಕೆಂಪಾಗಿ, ಎರಡು ಮೂರು ಚೂರುಗಳಾಗಿ, ಆರಿಹೋಯಿತು. ನಾವು ಕಂಡದ್ದು ಇಷ್ಟೇ.

ಆದರೆ ನಾನು ಹೇಳಿದ್ದು ಇಷ್ಟೇ ಅಲ್ಲ. ಮರುದಿನ ವಾಚನಾಲಯದಲ್ಲಿ, ಅದರ ಮರುದಿನ ಒಂದು ಮದುವೆಯ ಮನೆಯಲ್ಲಿ, ಕೇಳಿದವರಿಗೂ ಕೇಳದವರಿಗೂ ಈ ಸಂಗತಿಯನ್ನು ವರ್ಣಿಸಿದೆ. ನಲವತ್ತು ವರ್ಷ ಪಾಠ ಹೇಳಿದ ನಾಲಗೆ, ವರ್ಣನೆಗೆ ಬರವೇ? 'ಭದ್ರಾವತಿಯ ಹತ್ತಿರ ಏನೋ ಬಿದ್ದಿದೆ. ಅರ್ಧ ನಿಮಿಷ ಉರಿಯಿತು. ಬೀಳುವಾಗ ಗುಡುಗಿನಂಥ ಸದ್ದೂ ಆಯಿತು' ಎಂದೆ. ಕೇಳಿದವರಲ್ಲಿ ಒಬ್ಬರು ಅದು ಹಾರುವ ತಟ್ಟೆ ಎಂದರು, ಇನ್ನೊಬ್ಬರು ಕೊಳ್ಳಿದೆವ್ವವೆಂದರು, ಮತ್ತೊಬ್ಬರು ಕಬ್ಬಿಣದ ಕಾರ್ಖಾನೆಯ ಬೆಳಕಿರಬೇಕೆಂದರು.

ನನ್ನ ಅಕ್ಕ ಇರುವುದು ಭದ್ರಾವತಿಯಲ್ಲಿ. ಭಾವನವರು ಆ ಕಾರ್ಖಾನೆಯಲ್ಲೇ ದುಡಿದು ನಿವೃತ್ತರಾದವರು. ನಾನು ದೂರವಾಣಿಯಲ್ಲಿ ವಿಚಾರಿಸಿದಾಗ ಅಕ್ಕ, 'ನಾನೂ ಕಂಡೆ. ಹಿತ್ತಿಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ತರೀಕೆರೆಯ ಕಡೆಗಲ್ಲ, ಶಿವಮೊಗ್ಗೆಯ ಕಡೆಗೂ ಅಲ್ಲ, ಬೆಳಿಗ್ಗೆ ಈಗ ಹೊತ್ತು ಹುಟ್ಟುತ್ತದಲ್ಲ, ಆ ಮಗ್ಗುಲಿಗೆ ಬಿತ್ತು' ಎಂದಳು. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಪೂರ್ವದಿಂದ ದಕ್ಷಿಣಕ್ಕೆ ಸರಿದು, ಆಗ್ನೇಯದ ಕಡೆಗೆ. ನನಗೆ ನಗು ಬಂತು. ನಿಮ್ಮ ಊರಿನಲ್ಲೇ ಬಿದ್ದದ್ದು ನಿನಗೂ ಅದೇ ದಿಕ್ಕಿನಲ್ಲಿ ಕಾಣುವುದು ಹೇಗೆ, ಅದು ಕಾರ್ಖಾನೆಯ ಬೆಳಕಿರಬಹುದು, ನಿನಗೆ ದಿಕ್ಕು ತಪ್ಪಿದೆ ಎಂದುಬಿಟ್ಟೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕಾರ್ಖಾನೆಯ ಬೆಳಕು ನನಗೆ ಗೊತ್ತಿಲ್ಲವೇನೋ? ಅದು ಓಡುವುದಿಲ್ಲ. ಇದು ಓಡಿತು' ಎಂದು ಮಾತು ಮುಗಿಸಿದಳು.

ಆ ಮಾತು ನನ್ನನ್ನು ಚುಚ್ಚಿತು. 1923ರಲ್ಲಿ ಭದ್ರಾವತಿಯ ಕುಲುಮೆ ಉರಿಯತೊಡಗಿದ ಮೇಲೆ ಎಷ್ಟೋ ತಲೆಮಾರುಗಳು ಆ ಬೆಳಕಿನಲ್ಲಿ ಬೆಳೆದಿವೆ. ಕುಲುಮೆಗಳು ಉರಿಯುತ್ತಿದ್ದ ಕಾಲದಲ್ಲಿ, ಕಾದ ಕಿಟ್ಟವನ್ನು ಸುರಿದಾಗ ಮೋಡದ ಹೊಟ್ಟೆಯೆಲ್ಲ ಕೆಂಪಾಗುತ್ತಿದ್ದುದನ್ನು ಬಾಲ್ಯದಲ್ಲಿ ನಾನೂ ನೋಡಿದ್ದೇನೆ. ಅದು ನಿಂತಲ್ಲೇ ಹರಡಿ ನಿಂತಲ್ಲೇ ಕುಗ್ಗುವ ಬೆಳಕು. ಅಕ್ಕ ಹೇಳಿದ ವ್ಯತ್ಯಾಸ ಸರಿಯಾಗಿತ್ತು. ಹಾಗಾದರೆ ದಿಕ್ಕು?

ಒಂದು ಭಾನುವಾರ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಹಿತ್ತಿಲಲ್ಲಿ ಅಕ್ಕ ನಿಂತಿದ್ದ ಜಾಗದಲ್ಲೇ ಆಕೆಯನ್ನು ನಿಲ್ಲಿಸಿ, ಬೆಳಕು ಆರಿದ ಎಡೆಯನ್ನು ಕೈಚಾಚಿ ತೋರಿಸೆಂದೆ. ನೆರೆಮನೆಯ ತೆಂಗಿನ ಮರದ ಎಡಕ್ಕೆ ತೋರಿಸಿದಳು. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಅಂಶಗಳಷ್ಟಾಗುತ್ತದೆ. ಅಕ್ಕ ತೋರಿಸಿದ ಎಡೆ ದಿಗಂತದಿಂದ ಹೆಚ್ಚುಕಡಿಮೆ ಒಂದು ಮುಷ್ಟಿ ಮೇಲಿತ್ತು. ದಿಕ್ಸೂಚಿಯನ್ನು ಹಿಡಿದು ನೋಡಿದೆ: ಆಗ್ನೇಯ. ಸಂಜೆ ಹಿಂದಿರುಗಿ ತುಂಗಾ ಸೇತುವೆಯ ಮೇಲೆ ನಿಂತು ನನ್ನ ನೆನಪನ್ನು ಅಳೆದೆ. ಅಲ್ಲಿಯೂ ಆಗ್ನೇಯ, ಅಲ್ಲಿಯೂ ಒಂದು ಮುಷ್ಟಿ.

ಎರಡು ಊರುಗಳಿಗೆ ನೇರವಾಗಿ 17-18 ಕಿಲೋಮೀಟರ್ ಅಂತರ. ಬೆಳಕು ಇವೆರಡರ ನಡುವೆ ಬಿದ್ದಿದ್ದರೆ ನನಗೆ ಆಗ್ನೇಯಕ್ಕೂ ಅಕ್ಕನಿಗೆ ವಾಯವ್ಯಕ್ಕೂ ಕಾಣಬೇಕಾಗಿತ್ತು. ಭದ್ರಾವತಿಯ ಮೇಲೆಯೇ ಆಗಿದ್ದರೆ ಆಕೆಯ ನೆತ್ತಿಯ ಮೇಲಿರಬೇಕಾಗಿತ್ತು. ಇಬ್ಬರಿಗೂ ಒಂದೇ ದಿಕ್ಕಿನಲ್ಲಿ, ಒಂದೇ ಎತ್ತರದಲ್ಲಿ ಕಂಡಿತೆಂದರೆ, ಈ ಊರುಗಳ ಅಂತರ ಏನೂ ಅಲ್ಲವೆನ್ನುವಷ್ಟು ದೂರದಲ್ಲಿ ಅದು ನಡೆದಿದೆ. ದೊಡ್ಡ ಉಲ್ಕೆಗಳು ನೆಲದಿಂದ ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಆರುವುದುಂಟು. ಹಾಗೆಂದು ಲೆಕ್ಕ ಹಿಡಿದರೆ, ನಾವು ಕಂಡ ಬೆಳಕು ಆರಿದ್ದು ಶಿವಮೊಗ್ಗೆಯಿಂದ 150 ಕಿಲೋಮೀಟರ್ ಆಚೆ, ತುಮಕೂರಿನ ಸೀಮೆಯ ಆಕಾಶದಲ್ಲಿ. ದಿಕ್ಕು ತಪ್ಪಿದ್ದು ಅಕ್ಕನಿಗಲ್ಲ, ನನಗೆ. ಮರಗಳ ಹಿಂದೆ ಬೆಳಕು ಮರೆಯಾದರೆ ಆ ಮರಗಳ ಬುಡದಲ್ಲೇ ಬಿತ್ತೆಂದು ಕಣ್ಣು ತೀರ್ಮಾನಿಸಿಬಿಡುತ್ತದೆ.

ಒಂದು ತಪ್ಪು ಹೊರಬಿದ್ದ ಮೇಲೆ ಉಳಿದ ಮಾತುಗಳನ್ನೂ ಪರೀಕ್ಷಿಸಬೇಕಲ್ಲವೇ? ಹಳೆಯ ಓಲೆಗರಿಗಳ ಪಾಠಾಂತರಗಳನ್ನು ಹೋಲಿಸಿ, ಮೂಲಪಾಠ ಯಾವುದು, ಪ್ರಕ್ಷೇಪ ಯಾವುದು ಎಂದು ವಿದ್ಯಾರ್ಥಿಗಳಿಗೆ ಬೋಧಿಸಿದವನು ನಾನು. ಈಗ ನನ್ನದೇ ಪ್ರತಿಯನ್ನು ಶೋಧಿಸಬೇಕಾಯಿತು. ಅರ್ಧ ನಿಮಿಷವೆಂದಿದ್ದೆನಷ್ಟೆ. ಆ ಹೊತ್ತಿನಲ್ಲಿ ನಾವು ಆಡಿದ ಮಾತೇನೆಂದು ಮಿತ್ರರನ್ನು ಕೇಳಿದೆ. 'ಅಯ್ಯೋ, ಅಲ್ಲಿ ನೋಡಿ ಸಾರ್' ಎಂದು ಅವರು ಕೂಗಿದ್ದರು. ನಾನು ತಿರುಗಿ ನೋಡಿದ್ದೆ. 'ಅದೇನದು' ಎನ್ನುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಮಾತುಗಳನ್ನೇ ಮತ್ತೆ ಆಡಿ ಗಡಿಯಾರ ನೋಡಿದೆವು. ನಾಲ್ಕು ಸೆಕೆಂಡು!

ಇನ್ನು ಸದ್ದು. ಒಂದು ಕಿಲೋಮೀಟರ್ ದಾರಿಗೆ ಶಬ್ದಕ್ಕೆ ಸುಮಾರು 3 ಸೆಕೆಂಡು ಬೇಕು. ಭದ್ರಾವತಿಯಲ್ಲೇ ಬಿದ್ದಿದ್ದರೂ ಆ ಗುಡುಗು ಸೇತುವೆಯನ್ನು ಮುಟ್ಟಲು ಮುಕ್ಕಾಲು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. 150 ಕಿಲೋಮೀಟರ್ ಆಚೆಯಿಂದಾದರೆ ಏಳು ನಿಮಿಷಗಳಿಗೂ ಹೆಚ್ಚು. ಬೆಳಕಿನ ಜೊತೆಯಲ್ಲೇ ಗುಡುಗನ್ನು ಕೇಳಿದೆನೆಂಬುದು ನಡೆಯಲಾರದ ಮಾತು. ಮಿತ್ರರು ಯಾವ ಸದ್ದನ್ನೂ ಕೇಳಿರಲಿಲ್ಲ. ಅದು ಶುದ್ಧ ಪ್ರಕ್ಷೇಪ. ಸೇರಿಸಿದ ಲಿಪಿಕಾರ ನಾನೇ. ಬೇಕೆಂದು ಸುಳ್ಳು ಹೇಳಿದವನಲ್ಲ. ಹೇಳುತ್ತ ಹೇಳುತ್ತ ಅದು ನನ್ನ ಕಿವಿಯಲ್ಲೇ ಕೇಳಿಸತೊಡಗಿತ್ತು. ನನ್ನನ್ನು ಹೆದರಿಸಿದ್ದು ಆ ಬೆಳಕಲ್ಲ, ಇದು.

ವರಾಹಮಿಹಿರನು ತನ್ನ 'ಬೃಹತ್ಸಂಹಿತೆ'ಯಲ್ಲಿ ಉಲ್ಕೆಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆಗಳನ್ನು ಎಣಿಸಿದ್ದಾನೆ. ಅವನು ಹೇಳುವ ಶಕುನಫಲಗಳನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಬಗೆಗಳನ್ನು ಬೇರ್ಪಡಿಸುವ ಆ ಕಣ್ಣು ಮೆಚ್ಚತಕ್ಕದ್ದು. ಉಲ್ಕೆ ಎಂಬ ಸಂಸ್ಕೃತ ಪದಕ್ಕೆ ಉರಿಯುವ ಕೊಳ್ಳಿ ಎಂಬ ಅರ್ಥವೂ ಉಂಟು. ನಮ್ಮಜ್ಜಿ 'ಕೊಳ್ಳಿ ಬಿತ್ತು' ಎಂದಾಗ ಆ ಪಂಡಿತನ ಮಾತನ್ನೇ ಕನ್ನಡದಲ್ಲಿ ಆಡುತ್ತಿದ್ದಳು.

ಪಂಡಿತರು ಇಂಥ ಮಾತುಗಳನ್ನು ನಂಬದೆ ನಕ್ಕ ಕಾಲವೊಂದಿತ್ತು. ಆಕಾಶದಿಂದ ಕಲ್ಲು ಬೀಳುವುದೆಂದರೆ ಹದಿನೆಂಟನೆಯ ಶತಮಾನದ ಯುರೋಪಿನ ಎಷ್ಟೋ ವಿದ್ವಾಂಸರಿಗೆ ಅದು ಹಳ್ಳಿಗರ ಕಟ್ಟುಕಥೆ. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಎಂಬ ಊರಿನ ಸುತ್ತ ಸಾವಿರಾರು ಕಲ್ಲುಗಳು ಬಿದ್ದಾಗ, ಬಿಯೋ ಎಂಬ ತರುಣ ವಿಜ್ಞಾನಿಯನ್ನು ವಿಚಾರಣೆಗೆ ಕಳುಹಿಸಲಾಯಿತು. ಅವನು ಹಳ್ಳಿಯಿಂದ ಹಳ್ಳಿಗೆ ಅಲೆದು, ಕಂಡವರನ್ನೂ ಕೇಳಿದವರನ್ನೂ ಮಾತನಾಡಿಸಿ, ಅವರ ಹೇಳಿಕೆಗಳನ್ನು ಒಂದಕ್ಕೊಂದು ಹೋಲಿಸಿ, ಹಳ್ಳಿಗರ ಮಾತೇ ನಿಜವೆಂದು ವರದಿ ಬರೆದ. ನಮ್ಮ ನಾಡಿನಲ್ಲಿಯೂ 1865ರಲ್ಲಿ ಮದ್ದೂರಿನ ಬಳಿ, ಮರುವರ್ಷ ಉಡುಪಿಯ ಬಳಿ ಬಿದ್ದ ಉಲ್ಕಾಶಿಲೆಗಳು ದಾಖಲಾಗಿವೆ.

ಈಗ ಆಕಾಶದಲ್ಲಿ ಮನುಷ್ಯನ ಕೊಳ್ಳಿಗಳೂ ಸೇರಿಕೊಂಡಿವೆ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದ ಜನ ಉರಿಯುವ ಸಾಲೊಂದನ್ನು ಕಂಡರು; ಚಂದ್ರಾಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ದೊಡ್ಡದೊಂದು ಲೋಹದ ಬಳೆ ಸಿಕ್ಕಿತು. ಅದು ಚೀನಾ ದೇಶದ ರಾಕೆಟ್ಟಿನ ಅವಶೇಷವೆಂದು ತಜ್ಞರು ಗುರುತಿಸಿದರು. ಅಂಥ ಅವಶೇಷ ನಿಧಾನವಾಗಿ ಸಾಗುತ್ತದೆ, ನೋಡುವವರನ್ನು ಕರೆದು ತೋರಿಸುವಷ್ಟು ಹೊತ್ತು ಕಾಣುತ್ತದೆ. ಉಲ್ಕೆ ಹಾಗೆ ಕಾಯುವುದಿಲ್ಲ. ಎಷ್ಟು ಹೊತ್ತು ಕಂಡಿತೆಂಬ ಒಂದು ಪ್ರಶ್ನೆಯಿಂದಲೇ ಅರ್ಧ ಗೊಂದಲ ಪರಿಹಾರವಾಗುವುದು ಹೀಗೆ.

ಡಿಸೆಂಬರ್ 13, 14ರ ರಾತ್ರಿಗಳಲ್ಲಿ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಸುರಿಯುತ್ತವೆ. ಮೋಡವಿಲ್ಲದಿದ್ದರೆ ಅಂಗಳಕ್ಕೆ ಬನ್ನಿ. ಅಪರೂಪದ ಬೆಳಕೇನಾದರೂ ಕಂಡರೆ ಹೊತ್ತು, ದಿಕ್ಕು, ಎಷ್ಟು ಮುಷ್ಟಿ ಎತ್ತರ, ಎಷ್ಟು ಸೆಕೆಂಡು ಎಂಬುದನ್ನು ಯಾರೊಡನೆಯೂ ಮಾತನಾಡುವ ಮೊದಲು ಬರೆದಿಡಿ. ಇನ್ನೊಂದು ಊರಿನವರು ಬೇರೆ ಮಾತು ಹೇಳಿದರೆ ನಗಬೇಡಿ. ನಿಮ್ಮ ಕಣ್ಣೊಂದರಿಂದ ತಿಳಿಯಲಾಗದ ದೂರ ಅವರ ಮಾತು ಸೇರಿದಾಗ ತಿಳಿಯುತ್ತದೆ.

ಅಕ್ಕನ ಬಳಿ ತಪ್ಪೊಪ್ಪಿಕೊಂಡಾಗ, 'ಮದುವೆಮನೆಯಲ್ಲಿ ಅಷ್ಟು ಜನಕ್ಕೆ ಹೇಳಿದ್ದೆಯಲ್ಲ, ಅವರಿಗೆ ಹೇಳಿದೆಯಾ?' ಎಂದು ಕೇಳಿದಳು. ಇಲ್ಲವೆಂದೆ. ಈ ಭಾಷಣ ಆ ಬಾಕಿಯ ಸಲ್ಲಿಕೆ. ಅಕ್ಕ ರೇಡಿಯೋದ ಮುಂದೆ ಕುಳಿತಿದ್ದಾಳೆ. ಇದರಲ್ಲಿಯೂ ನಾನು ಏನಾದರೂ ಸೇರಿಸಿದ್ದರೆ ನಾಳೆ ಬೆಳಿಗ್ಗೆ ತಿಳಿಯುತ್ತದೆ.

(ಕೃಪೆ: ಆಕಾಶವಾಣಿ, ಭದ್ರಾವತಿ)